ಇಲ್ಲದ ಜೈಲರನ ಪ್ರೇತ: ‘ಮೋಸ್ಟ್ ಹಾಂಟೆಡ್’ ತಂಡದ ಒಂದು ಪ್ರಕರಣ ಅಧ್ಯಯನ

2005ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ, ದೆವ್ವಗಳ ಹಬ್ಬವೆನಿಸಿದ ಹ್ಯಾಲೋವೀನ್ ಇನ್ನೇನು ಬಂತು ಎನ್ನುವ ಹೊತ್ತಿಗೆ, ಬ್ರಿಟನ್ನಿನ ‘ಡೇಲಿ ಮಿರರ್’ ಪತ್ರಿಕೆಯಲ್ಲಿ ಪ್ರಕಟವಾದ ವರದಿಯೊಂದು ಆ ದೇಶದ ಅತ್ಯಂತ ಜನಪ್ರಿಯ ದೆವ್ವ ಶೋಧನೆಯ ಕಾರ್ಯಕ್ರಮವನ್ನು ಪೇಚಿಗೆ ಸಿಲುಕಿಸಿತು. ಆರೋಪ ಮಾಡಿದವರು ಹೊರಗಿನ ಟೀಕಾಕಾರರಾಗಿರಲಿಲ್ಲ. ‘ಮೋಸ್ಟ್ ಹಾಂಟೆಡ್’ ಎಂಬ ಆ ಕಾರ್ಯಕ್ರಮದ ತಂಡದಲ್ಲಿಯೇ ಪರಾಮನೋವಿಜ್ಞಾನಿಯಾಗಿ, ಅಂದರೆ ಅತೀಂದ್ರಿಯವೆನ್ನುವ ಸಂಗತಿಗಳನ್ನು ಅಧ್ಯಯನ ಮಾಡುವವರಾಗಿ, ಕ್ಯಾಮೆರಾದ ಮುಂದೆ ಕಾಣಿಸಿಕೊಳ್ಳುತ್ತಿದ್ದ ಡಾ. ಕೀರನ್ ಓಕೀಫ್ ಅವರೇ ಮಾತನಾಡಿದ್ದರು. ಎಂದೂ ಬದುಕಿರದ ವ್ಯಕ್ತಿಗಳ ಹೆಸರುಗಳನ್ನು ತಾವೇ ಹೆಣೆದು, ಅವು ತಂಡದ ಮೀಡಿಯಂ, ಅಂದರೆ ಸತ್ತವರ ಆತ್ಮಗಳೊಡನೆ ಮಾತನಾಡುತ್ತೇನೆ ಎನ್ನುವ, ಡೆರೆಕ್ ಅಕೋರಾ ಅವರ ಕಿವಿಗೆ ಬೀಳುವಂತೆ ಮಾಡಿದ್ದಾಗಿಯೂ, ಆ ವ್ಯಕ್ತಿಗಳ ‘ಆತ್ಮ’ಗಳು ಚಿತ್ರೀಕರಣದ ವೇಳೆ ತಪ್ಪದೆ ಹಾಜರಾದವೆಂದೂ ಅವರು ಹೇಳಿದರು. ಆ ಪರೀಕ್ಷೆ ಹೇಗೆ ನಡೆಯಿತು, ಅದರಿಂದ ಏನು ಸಾಬೀತಾಯಿತು, ಏನು ಸಾಬೀತಾಗಲಿಲ್ಲ, ಆಮೇಲೆ ಪ್ರಸಾರ ನಿಯಂತ್ರಣ ಸಂಸ್ಥೆ ಕಾರ್ಯಕ್ರಮವನ್ನು ಯಾವ ದಾರಿಯಲ್ಲಿ ಪಾರುಮಾಡಿತು ಎಂಬುದಷ್ಟೇ ಈ ಅಧ್ಯಯನದ ವಿಷಯ. ದೆವ್ವ ಇದೆಯೇ ಇಲ್ಲವೇ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ನನ್ನ ವಾದ ಅದಕ್ಕಿಂತ ಬಹಳ ಸಣ್ಣದು: ಇಂಥ ತಂಡಗಳ ಕೆಲಸವನ್ನು ತೂಗಿ ನೋಡುವವರು ಮೊದಲು ಕೇಳಬೇಕಾದ ಪ್ರಶ್ನೆ, ಯಾವ ಮಾಹಿತಿ ಯಾರಿಂದ ಯಾರಿಗೆ, ಕ್ಯಾಮೆರಾ ಚಾಲೂ ಆಗುವ ಮೊದಲೋ ಅನಂತರವೋ, ದಾಟಿತು ಎಂಬುದು.

ತಂಡ ಮತ್ತು ಅದರ ರಾತ್ರಿ

‘ಮೋಸ್ಟ್ ಹಾಂಟೆಡ್’ 2002ರ ಮೇ ತಿಂಗಳಲ್ಲಿ ಲಿವಿಂಗ್ ಎಂಬ ಕೇಬಲ್ ಮತ್ತು ಉಪಗ್ರಹ ವಾಹಿನಿಯಲ್ಲಿ ಆರಂಭವಾಯಿತು. ಅದನ್ನು ತಯಾರಿಸುತ್ತಿದ್ದ ಆಂಟಿಕ್ಸ್ ಪ್ರೊಡಕ್ಷನ್ಸ್ ಸಂಸ್ಥೆ ನಿರೂಪಕಿ ಇವೆಟ್ ಫೀಲ್ಡಿಂಗ್ ಮತ್ತು ಅವರ ಪತಿ ಕಾರ್ಲ್ ಬೀಟಿ ಅವರದು. ಫೀಲ್ಡಿಂಗ್ ಬ್ರಿಟಿಷ್ ಮನೆಗಳಿಗೆ ಹೊಸಬರೇನಲ್ಲ. 1987ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಬಿಬಿಸಿಯ ಮಕ್ಕಳ ಕಾರ್ಯಕ್ರಮ ‘ಬ್ಲೂ ಪೀಟರ್’ನ ನಿರೂಪಕಿಯಾಗಿ ಸೇರಿದ್ದವರು ಅವರು. ಮಕ್ಕಳಿಗೆ ಕಾಗದದ ಆಟಿಕೆ ಮಾಡಲು ಕಲಿಸಿದ್ದ ಮುಖವೇ ಕತ್ತಲೆಯ ನೆಲಮಾಳಿಗೆಯಲ್ಲಿ ಕಿರುಚುವಾಗ ಆ ಕಿರುಚಾಟಕ್ಕೆ ತಾನಾಗಿಯೇ ಒಂದಿಷ್ಟು ವಿಶ್ವಾಸಾರ್ಹತೆ ಬಂದುಬಿಡುತ್ತದೆ. ಬಿಬಿಸಿ ಈ ಪಾಠವನ್ನು ಹತ್ತು ವರ್ಷ ಮೊದಲೇ ಕಲಿತಿತ್ತು. 1992ರ ಅಕ್ಟೋಬರ್ 31ರ ರಾತ್ರಿ ‘ಘೋಸ್ಟ್‌ವಾಚ್’ ಎಂಬ ನಾಟಕವನ್ನು ಅದು ನೇರಪ್ರಸಾರದ ಧಾಟಿಯಲ್ಲಿ, ಜನ ದಿನವೂ ನೋಡುತ್ತಿದ್ದ ನಿರೂಪಕರನ್ನೇ ಇಟ್ಟುಕೊಂಡು ತೋರಿಸಿದಾಗ ಅನೇಕ ವೀಕ್ಷಕರು ಅದನ್ನು ನಿಜವೆಂದೇ ನಂಬಿ ಗಾಬರಿಯಾದರು. ಬಿಬಿಸಿ ಅದನ್ನು ಮತ್ತೆ ಪ್ರಸಾರ ಮಾಡಲಿಲ್ಲ.

ಹಾಗೆ ನೋಡಿದರೆ ಪ್ರಸಾರ ಮಾಧ್ಯಮಕ್ಕೂ ದೆವ್ವದ ಮನೆಗೂ ಇರುವ ನಂಟು ಬ್ರಿಟನ್ನಿನಲ್ಲಿ ದೂರದರ್ಶನಕ್ಕಿಂತ ಹಳೆಯದು. ಹ್ಯಾರಿ ಪ್ರೈಸ್ ಎಂಬ ಅತೀಂದ್ರಿಯ ಸಂಶೋಧಕ 1936ರ ಮಾರ್ಚ್ 10ರಂದು ಕೆಂಟ್ ಪ್ರಾಂತ್ಯದ ಮೆಪಮ್ ಬಳಿಯ ಮನೆಯೊಂದರಿಂದ ಬಿಬಿಸಿ ರೇಡಿಯೊದಲ್ಲಿ ನೇರಪ್ರಸಾರ ನಡೆಸಿದ್ದ.

‘ಮೋಸ್ಟ್ ಹಾಂಟೆಡ್’ ತಂಡದ ಕೆಲಸಕ್ಕೆ ಒಂದು ಸಿದ್ಧ ಕ್ರಮವಿತ್ತು. ಹಳೆಯ ಕೋಟೆ, ಬಂಗಲೆ, ಜೈಲು ಅಥವಾ ಹೆಂಡದಂಗಡಿಯೊಂದನ್ನು ಆರಿಸಿ, ಅಲ್ಲಿನ ಇತಿಹಾಸವನ್ನೂ ಅಲ್ಲಿ ಜನ ಕಂಡೆವೆನ್ನುವ ಕಾಣ್ಕೆಗಳನ್ನೂ ಹಗಲಿನಲ್ಲಿ ಹೇಳಿಸಿ, ಮೀಡಿಯಂ ಅನ್ನು ಕೋಣೆಯಿಂದ ಕೋಣೆಗೆ ನಡೆಸಿ, ಕತ್ತಲಾದ ಮೇಲೆ ದೀಪಗಳನ್ನೆಲ್ಲ ಆರಿಸಿ ರಾತ್ರಿಯಿಡೀ ಕಾವಲು ಕೂರುವುದು. ಮೀಡಿಯಂಗೆ ಸ್ಥಳದ ಬಗ್ಗೆ ಮೊದಲೇ ಏನೂ ತಿಳಿದಿರುವುದಿಲ್ಲ ಎಂಬುದು ಇಡೀ ಕಾರ್ಯಕ್ರಮದ ಕಂಬ. ಅಕೋರಾ ಒಂದು ಹೆಸರು ಹೇಳುತ್ತಾರೆ, ಇತಿಹಾಸಕಾರ ಕಡತ ನೋಡಿ ಹೌದೆನ್ನುತ್ತಾನೆ, ನಿರೂಪಕಿ ಬೆರಗಾಗುತ್ತಾರೆ. ಮೊದಲೇ ತಿಳಿದಿತ್ತೆಂದಾದರೆ ಇಲ್ಲಿ ಬೆರಗಾಗಲು ಏನೂ ಉಳಿಯುವುದಿಲ್ಲ. ಲಿವರ್‌ಪೂಲ್ ಪಕ್ಕದ ಬೂಟಲ್‌ನಲ್ಲಿ 1950ರಲ್ಲಿ ಹುಟ್ಟಿದ ಅಕೋರಾ ತಮಗೆ ಸ್ಯಾಮ್ ಎಂಬ ಇಥಿಯೋಪಿಯಾದ ಆತ್ಮವೊಂದು ಮಾರ್ಗದರ್ಶಿಯಾಗಿದೆ ಎನ್ನುತ್ತಿದ್ದರು. ಕೆಲವೊಮ್ಮೆ ಸ್ಯಾಮ್‌ನ ಮಧ್ಯಸ್ಥಿಕೆ ಸಾಲದೆ ಆತ್ಮವೇ ಅವರ ಮೈಮೇಲೆ ಬರುತ್ತಿತ್ತು. ದನಿ ಒರಟಾಗಿ, ಮುಖ ಗಂಟಿಕ್ಕಿ, ಜೊತೆಯವರ ಮೇಲೆ ಏರಿಹೋಗುವ ಆ ದೃಶ್ಯಗಳು ಕಾರ್ಯಕ್ರಮದ ಗುರುತೇ ಆಗಿಬಿಟ್ಟವು. ಮೈಮೇಲೆ ಬರುವುದನ್ನು ಜಾತ್ರೆಯಲ್ಲಿ ಕಂಡು ಬೆಳೆದ ನಮ್ಮವರಿಗೆ ಅದರಲ್ಲಿ ಹೊಸತೇನೂ ಕಾಣಲಾರದು. ಆದರೆ ಜಾತ್ರೆಯಲ್ಲಿ ಯಾರೂ ಉಷ್ಣಮಾಪಕ ಹಿಡಿದು ನಿಂತಿರುವುದಿಲ್ಲ, ಅದನ್ನು ತನಿಖೆಯೆಂದು ಕರೆಯುವುದೂ ಇಲ್ಲ.

ಉಪಕರಣಗಳು ಹೇಳುವುದೂ ಹೇಳದಿರುವುದೂ

ಉಪಕರಣಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ; ಅವುಗಳ ಮಿತಿ ತಿಳಿದದ್ದೇ. ರಾತ್ರಿ ದೃಶ್ಯದ ಕ್ಯಾಮೆರಾ ಮಸೂರದ ಪಕ್ಕದಲ್ಲಿಯೇ ಅವಕೆಂಪು ದೀಪವನ್ನು ಇಟ್ಟುಕೊಂಡಿರುವುದರಿಂದ ಹತ್ತಿರ ತೇಲುವ ಧೂಳಿನ ಕಣವೂ ಸಣ್ಣ ಹುಳುವೂ ಆ ಬೆಳಕನ್ನು ನೇರವಾಗಿ ಹಿಂದಕ್ಕೆ ಎಸೆದು, ಫೋಕಸ್ಸಿಗೆ ಸಿಗದೆ ಉಬ್ಬಿ, ಬೆಳಕಿನ ಗೋಲಿಯಂತೆ ಕಾಣುತ್ತವೆ. ಹತ್ತಾರು ಜನ ಕೇಬಲ್ ಎಳೆದುಕೊಂಡು ನಡೆದಾಡಿದ ಹಳೆಯ ನೆಲಮಾಳಿಗೆಯಲ್ಲಿ ಧೂಳಿಗೇನು ಬರ! ವಿದ್ಯುತ್ಕಾಂತೀಯ ಕ್ಷೇತ್ರವನ್ನು ಅಳೆಯುವ ಮೀಟರು ಗೋಡೆಯ ಹಳೆಯ ವೈರಿಂಗಿಗೂ ಓಗೊಡುತ್ತದೆ, ತಂಡದವರ ಮೊಬೈಲಿಗೂ ವಾಕಿಟಾಕಿಗೂ ಓಗೊಡುತ್ತದೆ. ದೂರದಿಂದ ಗುರಿಯಿಟ್ಟು ಓದುವ ಅವಕೆಂಪು ಉಷ್ಣಮಾಪಕ ಎದುರಿನ ಗೋಡೆಯ ಅಥವಾ ಕಿಟಕಿ ಗಾಜಿನ ಮೇಲ್ಮೈಯ ಶಾಖವನ್ನು ಹೇಳುತ್ತದೆಯೇ ಹೊರತು ಕೋಣೆಯ ಗಾಳಿಯದನ್ನಲ್ಲ.

ಆತ್ಮಗಳನ್ನು ಕರೆಯುವ ಕೂಟಗಳಲ್ಲಿ ಮೇಜು ಅಲುಗುವುದು, ಗಾಜಿನ ಲೋಟ ಜಾರುವುದು ಮೊದಲಾದವುಗಳ ಮಾತು ಸ್ವಲ್ಪ ಬೇರೆ, ಏಕೆಂದರೆ ಅವುಗಳಿಗೆ ಉತ್ತರ ಕಂಡುಕೊಂಡು ನೂರೈವತ್ತು ವರ್ಷಗಳೇ ಕಳೆದಿವೆ. ವಿಕ್ಟೋರಿಯಾ ಕಾಲದ ಲಂಡನ್ನಿನಲ್ಲಿ ಮೇಜು ತಿರುಗಿಸುವ ಹುಚ್ಚು ಹಬ್ಬಿದ್ದಾಗ, 1853ರಲ್ಲಿ, ಭೌತವಿಜ್ಞಾನಿ ಮೈಕೇಲ್ ಫ್ಯಾರಡೆ ಒಂದು ಉಪಾಯ ಮಾಡಿದರು. ಕೂತವರ ಅಂಗೈಗಳಿಗೂ ಮೇಜಿನ ಹಲಗೆಗೂ ನಡುವೆ ಜಾರಬಲ್ಲ ಪದರಗಳನ್ನಿಟ್ಟು, ಮೊದಲು ಸರಿದದ್ದು ಮೇಜೋ ಕೈಯೋ ಎಂಬುದು ಗೊತ್ತಾಗುವಂತೆ ಮಾಡಿದರು. ಸರಿದದ್ದು ಕೈ. ಅಷ್ಟೇ ಅಲ್ಲ, ಕೈಯ ಸಣ್ಣ ಚಲನೆಯನ್ನೂ ದೊಡ್ಡದಾಗಿ ತೋರಿಸುವ ಕಡ್ಡಿಯೊಂದನ್ನು ಕೂತವರ ಕಣ್ಣೆದುರೇ ನಿಲ್ಲಿಸಿದಾಗ ಮೇಜು ಅಲುಗುವುದೇ ನಿಂತುಹೋಯಿತು. ಕೂತವರು ಮೋಸಗಾರರಾಗಿರಲಿಲ್ಲ, ತಾವು ತಳ್ಳುತ್ತಿಲ್ಲವೆಂದು ಮನಸಾರೆ ನಂಬಿದ್ದರು. ಈ ಅಂಶ ಮುಂದೆ ಅಕೋರಾ ಅವರ ವಿಷಯಕ್ಕೆ ಬಂದಾಗಲೂ ನೆನಪಿರಬೇಕು.

ಹೀಗೆ ಉಪಕರಣ ತೋರಿಸಿದ್ದನ್ನೆಲ್ಲ ಒಂದೊಂದಾಗಿ ತಳ್ಳಿಹಾಕಬಹುದು. ಆದರೆ ಕಾರ್ಯಕ್ರಮದ ಅಭಿಮಾನಿ ಅದಕ್ಕೆ ಸೋಲುವುದಿಲ್ಲ: ಧೂಳು ಧೂಳೇ ಇರಲಿ, ಮೀಟರು ಕೆಟ್ಟೇ ಇರಲಿ, ಇನ್ನೂರು ವರ್ಷಗಳ ಹಿಂದೆ ಸತ್ತವನ ಹೆಸರು ಅಕೋರಾಗೆ ಹೇಗೆ ತಿಳಿಯಿತು ಎಂದು ಆತ ಕೇಳುತ್ತಾನೆ. ಓಕೀಫ್ ಕೈಹಾಕಿದ್ದು ನೇರವಾಗಿ ಈ ಪ್ರಶ್ನೆಗೆ.

ಗಾಳ

ಕಾರ್ನ್‌ವಾಲ್ ಪ್ರಾಂತ್ಯದ ಬಾಡ್ಮಿನ್ ಜೈಲನ್ನು 1779ರಲ್ಲಿ ಕಟ್ಟಲಾಯಿತು. 1927ರಲ್ಲಿ ಅದು ಮುಚ್ಚಿತು. ನೇಣುಗಂಬದ ಇತಿಹಾಸವಿರುವ ಆ ಕಟ್ಟಡ ದೆವ್ವದ ಕಾರ್ಯಕ್ರಮಕ್ಕೆ ಹೇಳಿ ಮಾಡಿಸಿದಂತಿದೆ. ಅಲ್ಲಿ ಚಿತ್ರೀಕರಣ ನಡೆಯುವ ಮುನ್ನ ಓಕೀಫ್ ಕ್ರೀಡ್ ಕೇಫರ್ ಎಂಬ ದಕ್ಷಿಣ ಆಫ್ರಿಕಾದ ಜೈಲರನೊಬ್ಬನನ್ನು ಕಲ್ಪಿಸಿ, ಹೆಸರನ್ನು ಬರೆದು, ಅದನ್ನು ಅಕೋರಾ ಅವರ ಬಳಿ ಪ್ರಸ್ತಾಪಿಸುವಂತೆ ತಂಡದ ಇನ್ನೊಬ್ಬ ಸದಸ್ಯರಿಗೆ ಹೇಳಿದರು. ಅಕೋರಾ ಗಾಳಕ್ಕೆ ಬೀಳುತ್ತಾರೆಂದು ತಮಗೇ ನಂಬಿಕೆಯಿರಲಿಲ್ಲ ಎಂದು ಅವರು ಆಮೇಲೆ ಹೇಳಿಕೊಂಡರು. ಚಿತ್ರೀಕರಣ ಶುರುವಾದಾಗ ಅಕೋರಾ ಅವರ ಮೈಮೇಲೆ ಆ ಕಲ್ಪಿತ ಜೈಲರನೇ ಬಂದ.

ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿದರೆ ಓಕೀಫ್ ಅವರ ಕೈಚಳಕ ತಿಳಿಯುತ್ತದೆ. ಕ್ರೀಡ್ ಎಂಬುದಕ್ಕೆ ಕೆ, ಆರ್, ಇ, ಇ, ಡಿ. ಕೇಫರ್ ಎಂಬುದಕ್ಕೆ ಕೆ, ಎ, ಎಫ್, ಇ, ಆರ್. ಈ ಹತ್ತು ಅಕ್ಷರಗಳನ್ನು ಸ್ಥಳ ಬದಲಿಸಿ ಜೋಡಿಸಿದರೆ ‘ಡೆರೆಕ್ ಫೇಕರ್’ ಎಂದಾಗುತ್ತದೆ, ಅಂದರೆ ನಕಲಿ ಡೆರೆಕ್. ಅದೇ ಕಾರ್ನ್‌ವಾಲ್‌ನ ಪ್ಯಾಡ್‌ಸ್ಟೋ ಊರಿನಲ್ಲಿ, ಹದಿನಾರನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಪ್ರಿಡೋ ಪ್ಲೇಸ್ ಎಂಬ ಬಂಗಲೆಗೆ ಹೋದಾಗ ಓಕೀಫ್ ಇನ್ನೊಬ್ಬನನ್ನು ಹುಟ್ಟಿಸಿದರು: ರಿಕ್ ಈಡಲ್ಸ್ ಎಂಬ ದಾರಿಗಳ್ಳ. ಈತನೂ ಅಕೋರಾ ಅವರ ಸಂಪರ್ಕಕ್ಕೆ ಬಂದ. ಈತನ ಅಕ್ಷರಗಳನ್ನು ಪಲ್ಲಟಿಸಿದರೆ ‘ಡೆರೆಕ್ ಲೈಸ್’, ಡೆರೆಕ್ ಸುಳ್ಳು ಹೇಳುತ್ತಾನೆ ಎಂದರ್ಥ. ಮೂರನೆಯದು ಸ್ಕಾಟ್ಲೆಂಡಿನ ಅಬರ್ಡೀನ್ ಬಳಿಯ ಕ್ರೇಗಿವಾರ್ ಕೋಟೆಯಲ್ಲಿ. ಅಲ್ಲಿಗೆ ಓಕೀಫ್ ಸಿಂಹಹೃದಯಿ ಎಂದು ಹೆಸರಾದ ರಿಚರ್ಡ್ ದೊರೆಯ ಕಥೆ, ಒಬ್ಬ ಮಾಟಗಾತಿಯ ಕಥೆ, ರಿಚರ್ಡನ ಪ್ರೇತ ಬಟ್ಟೆಯ ಬೀರುವನ್ನು ಹಾದು ಹೋಗುತ್ತದೆಂಬ ಕಥೆ, ಹೀಗೆ ಮೂರನ್ನು ಹೆಣೆದು ಬಿಟ್ಟರು. ಸಿಂಹ, ಮಾಟಗಾತಿ, ಬೀರು: ಬ್ರಿಟಿಷ್ ಮಕ್ಕಳೆಲ್ಲ ಓದಿರುವ ಕಾದಂಬರಿಯೊಂದರ ಶೀರ್ಷಿಕೆಯೇ ಅದು.

ಮೇಲ್ನೋಟಕ್ಕೆ ಇದೆಲ್ಲ ಶಾಲಾ ಹುಡುಗರ ಕೀಟಲೆಯಂತೆ ಕಾಣುತ್ತದೆ, ಮತ್ತು ಅಕೋರಾ ಅವರನ್ನು ನಗೆಪಾಟಲು ಮಾಡುವ ಆಸೆ ಅದರಲ್ಲಿ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೂ ಅಕ್ಷರಪಲ್ಲಟ ಇಲ್ಲಿ ಒಂದು ಗಂಭೀರ ಕೆಲಸವನ್ನು ಮಾಡುತ್ತದೆ. ಪರೀಕ್ಷೆಯ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ತಮಾಷೆಯನ್ನು ಮೆಚ್ಚಿ ಇದನ್ನು ಬಿಟ್ಟುಬಿಡುತ್ತಾರೆ. ಸಾಮಾನ್ಯವಾಗಿ ಒಬ್ಬ ವ್ಯಕ್ತಿ ‘ಆ ಹೆಸರನ್ನು ನಾನೇ ಸೃಷ್ಟಿಸಿದ್ದು’ ಎಂದು ತಡವಾಗಿ ಹೇಳಿದರೆ ಅದನ್ನು ನಂಬಲು ಅವನ ಮಾತಿನ ಹೊರತು ಬೇರೆ ಆಧಾರವಿರುವುದಿಲ್ಲ. ಮೀಡಿಯಂ ತಾನಾಗಿಯೇ ಹೇಳಿದ ಹೆಸರನ್ನು ಕೇಳಿಸಿಕೊಂಡು, ಆಮೇಲೆ ಅದು ತನ್ನದೆಂದು ಹೇಳಿಕೊಳ್ಳುವುದೂ ಸಾಧ್ಯ. ಆದರೆ ಕ್ಯಾಮೆರಾದ ಮುಂದೆ ಮೊದಲೇ ಉಚ್ಚರಿಸಲ್ಪಟ್ಟ ಎರಡು ಹೆಸರುಗಳ ಅಕ್ಷರಗಳು, ಒಂದೂ ಉಳಿಯದಂತೆ, ಅದೇ ಮೀಡಿಯಂ ಅನ್ನು ಸುಳ್ಳುಗಾರನೆನ್ನುವ ಎರಡು ವಾಕ್ಯಗಳಾಗಿ ಕೂಡಿಕೊಳ್ಳುವುದು ಆಕಸ್ಮಿಕವಾಗಿರಲು ಸಾಧ್ಯವಿಲ್ಲ. ಹೆಸರು ಹೊರಗಿನಿಂದ ಬಂತು, ಅದನ್ನು ಹೆಣೆದವನ ಉದ್ದೇಶ ಪರೀಕ್ಷಿಸುವುದಾಗಿತ್ತು ಎಂಬ ಎರಡೂ ಸಂಗತಿಗಳು ಹೆಸರಿನ ಒಳಗೇ ಮೊಹರಾಗಿ ಕುಳಿತಿವೆ. ಕ್ರೇಗಿವಾರ್‌ನ ಕಥೆಗಳಿಗೆ ಇಂಥ ಮೊಹರಿಲ್ಲ; ಅಲ್ಲಿ ಸಾಕ್ಷಿ ನುಡಿಯುವುದು ಇತಿಹಾಸ. ರಿಚರ್ಡ್ ದೊರೆ ತೀರಿಕೊಂಡದ್ದು 1199ರಲ್ಲಿ, ಕ್ರೇಗಿವಾರ್ ಕೋಟೆ ಕಟ್ಟಿ ಮುಗಿದದ್ದು 1626ರಲ್ಲಿ, ಮೇಲಾಗಿ ಆತ ಇಂಗ್ಲೆಂಡಿನ ದೊರೆಯೇ ಹೊರತು ಸ್ಕಾಟ್ಲೆಂಡಿನವನಲ್ಲ.

ಏನು ಸಾಬೀತಾಯಿತು

ಪ್ರಶ್ನೆಪತ್ರಿಕೆ ಸೋರಿಕೆಯಾಗಿದೆಯೇ ಎಂದು ತಿಳಿಯಲು ತಪ್ಪು ಉತ್ತರವೊಂದನ್ನು ಬೇಕೆಂದೇ ಹರಿಯಬಿಟ್ಟು ಯಾರ ಉತ್ತರ ಪತ್ರಿಕೆಯಲ್ಲಿ ಅದು ಕಾಣಿಸುತ್ತದೆಂದು ನೋಡುವ ವಿಧಾನದಂತೆಯೇ ಈ ಪರೀಕ್ಷೆಯೂ ಕೆಲಸ ಮಾಡುತ್ತದೆ, ಮತ್ತು ಅದರ ಶಕ್ತಿಯೂ ಮಿತಿಯೂ ಅಷ್ಟೇ. ಒಂದನ್ನು ಅದು ಖಚಿತವಾಗಿ ತೋರಿಸಿತು: ಚಿತ್ರೀಕರಣಕ್ಕೆ ಮುನ್ನ ತಂಡದವರಿಂದ ಅಕೋರಾ ಅವರಿಗೆ ಸ್ಥಳದ ಬಗ್ಗೆ ಮಾಹಿತಿ ತಲುಪುವ ದಾರಿ ತೆರೆದಿತ್ತು, ಮತ್ತು ಹಾಗೆ ತಲುಪಿದ ಮಾಹಿತಿ ಆತ್ಮದ ಮಾತಾಗಿ ಕ್ಯಾಮೆರಾದ ಮುಂದೆ ಹೊರಬರುತ್ತಿತ್ತು. ಕಾರ್ಯಕ್ರಮದ ಕಂಬವೆಂದು ಮೇಲೆ ಹೇಳಿದ್ದು ಇಲ್ಲಿಗೆ ಮುರಿಯುತ್ತದೆ. ಒಂದು ಸುಳ್ಳು ಹೆಸರು ಆ ದಾರಿಯಲ್ಲಿ ಹೋಗಬಹುದಾದರೆ ನಿಜವಾದ ಹೆಸರುಗಳೂ ಹೋಗಬಹುದು, ಹಾಗಾಗಿ ಇತಿಹಾಸಕಾರ ಹೌದೆಂದ ಹೆಸರುಗಳಿಗೆ ಇದ್ದ ಪುರಾವೆಯ ಬೆಲೆಯೂ ಹೋಯಿತು.

ಪರಾಮನೋವಿಜ್ಞಾನದಲ್ಲಿ ಇಂಥ ಸೋಲಿಗೆ ಒಂದು ಹಳೆಯ ಸಮಾಧಾನವಿದೆ. ಮೀಡಿಯಂ ಸತ್ತವರಿಂದಲ್ಲ, ಬದುಕಿರುವವರ ಮನಸ್ಸಿನಿಂದ ಹೆಸರನ್ನು ಓದಿರಬಹುದು ಎನ್ನುವುದು. ಅದನ್ನು ಒಪ್ಪಿಕೊಂಡರೂ ಅಕೋರಾ ಅವರಿಗೆ ಲಾಭವಿಲ್ಲ. ಅವರು ಹೇಳಿಕೊಂಡದ್ದು ಮನಸ್ಸನ್ನು ಓದುತ್ತೇನೆಂದಲ್ಲ, ಆತ್ಮ ತನ್ನೊಳಗೆ ಬಂದಿದೆಯೆಂದು. ಬದುಕೇ ಇರದವನಿಗೆ ಸಾವಿಲ್ಲ, ಸಾವಿಲ್ಲದವನಿಗೆ ಪ್ರೇತವಿಲ್ಲ.

ಸಾಬೀತಾಗದಿರುವುದೂ ಕಡಿಮೆಯೇನಿಲ್ಲ. ಅಕೋರಾ ತಿಳಿದೂ ತಿಳಿದೂ ನಟಿಸಿದರೆಂದು ಓಕೀಫ್ ತಮ್ಮ ವೃತ್ತಿಪರ ಅಭಿಪ್ರಾಯವಾಗಿ ಹೇಳಿದರು. ನನಗೂ ಅದೇ ಹೆಚ್ಚು ಸಂಭವವೆನಿಸುತ್ತದೆ, ಆದರೆ ಪರೀಕ್ಷೆ ಅಷ್ಟು ದೂರ ಹೋಗುವುದಿಲ್ಲ. ಎಲ್ಲಿಯೋ ಕೇಳಿದ್ದು ಮರೆತುಹೋಗಿ, ಆಮೇಲೆ ತನ್ನದೇ ಸ್ಫೂರ್ತಿಯೆಂಬಂತೆ ನಾಲಿಗೆಗೆ ಬರುವುದು ಮನುಷ್ಯರಲ್ಲಿ ನಡೆಯುವಂಥದ್ದೇ. ಫ್ಯಾರಡೆಯ ಮೇಜಿನ ಸುತ್ತ ಕೂತವರಿಗೂ ತಮ್ಮ ಕೈ ತಳ್ಳುತ್ತಿದ್ದದ್ದು ತಿಳಿದಿರಲಿಲ್ಲ. ಆದರೆ ಕೆಲವೇ ಹೊತ್ತಿನ ಹಿಂದೆ ಕೇಳಿದ ವಿಚಿತ್ರ ಹೆಸರೊಂದು ಹಾಗೆ ಮರೆತು ಮರಳುವುದು, ಅದೂ ಒಂದಕ್ಕಿಂತ ಹೆಚ್ಚು ಸಲ, ನಂಬಲು ಕಷ್ಟ. ತಂಡದ ಉಳಿದವರಿಗೆ ಏನು ತಿಳಿದಿತ್ತು, ನಿರ್ಮಾಪಕರು ಈ ದಾರಿಯನ್ನು ಬಲ್ಲವರಾಗಿದ್ದರೇ ಎಂಬುದಕ್ಕೂ ಪರೀಕ್ಷೆಯಲ್ಲಿ ಉತ್ತರವಿಲ್ಲ. ಅಕೋರಾ ಆರೋಪವನ್ನು ಒಪ್ಪಲಿಲ್ಲ. ಅದೇ ವರ್ಷ ಅವರು ಕಾರ್ಯಕ್ರಮದಿಂದ ಹೊರಬಂದರು, ಬೇರೆ ಕಾರ್ಯಕ್ರಮಗಳನ್ನು ನಡೆಸಿದರು, 2009ರಲ್ಲಿ ಸ್ಕೈ ವಾಹಿನಿಯಲ್ಲಿ ಮೈಕೇಲ್ ಜಾಕ್ಸನ್ ಆತ್ಮವನ್ನು ಕರೆಯುವ ನೇರಪ್ರಸಾರವನ್ನೂ ಮಾಡಿದರು, 2020ರ ಜನವರಿಯಲ್ಲಿ ತೀರಿಕೊಂಡರು. ಆರೋಪ ಮಾಡಿದ ಓಕೀಫ್ ಮಾತ್ರ ಅನಂತರವೂ ವರ್ಷಗಟ್ಟಲೆ ಅದೇ ಕಾರ್ಯಕ್ರಮದಲ್ಲಿ ಮುಂದುವರಿದರು. ಇದನ್ನು ನಿರ್ಮಾಪಕರ ದೊಡ್ಡತನವೆಂದೂ ಓದಬಹುದು, ಸಂಶಯಪಡುವವನೊಬ್ಬ ತಂಡದಲ್ಲಿದ್ದರೆ ಉಳಿದ ದೃಶ್ಯಗಳಿಗೆ ಮೌಲ್ಯ ಬರುತ್ತದೆಂಬ ಲೆಕ್ಕಾಚಾರವೆಂದೂ ಓದಬಹುದು.

ನಿಯಂತ್ರಣ ಸಂಸ್ಥೆ ತೆರೆದ ಬಾಗಿಲು

ಕಾರ್ಯಕ್ರಮ ವೀಕ್ಷಕರನ್ನು ಮೋಸಗೊಳಿಸುತ್ತಿದೆ ಎಂಬ ದೂರುಗಳು ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್‌ಗೆ ಹೋದವು. ಆಫ್‌ಕಾಮ್‌ನ ಪ್ರಸಾರ ಸಂಹಿತೆ ದೆವ್ವ ಬಿಡಿಸುವುದು, ಮಾಟ, ಅತೀಂದ್ರಿಯ ಪ್ರಯೋಗ ಮೊದಲಾದವುಗಳನ್ನು ಎರಡಾಗಿ ವಿಂಗಡಿಸುತ್ತದೆ. ನಿಜವೆಂದು ಹೇಳಿಕೊಂಡು ತೋರಿಸುವುದಾದರೆ ತಕ್ಕ ವಸ್ತುನಿಷ್ಠತೆ ಬೇಕು. ಮನರಂಜನೆಗಾಗಿಯಾದರೆ ಅದು ಮನರಂಜನೆಯೆಂಬುದು ವೀಕ್ಷಕರಿಗೆ ಸ್ಪಷ್ಟವಾಗಬೇಕು. 2005ರ ಡಿಸೆಂಬರಿನಲ್ಲಿ ಹೊರಬಂದ ತೀರ್ಪಿನಲ್ಲಿ ಆಫ್‌ಕಾಮ್ ದೂರುಗಳನ್ನು ಎತ್ತಿಹಿಡಿಯಲಿಲ್ಲ. ಕಾರಣವಾಗಿ ಅದು ಹೇಳಿದ ಮಾತು ಗಮನಾರ್ಹ: ಈ ಕಾರ್ಯಕ್ರಮದಲ್ಲಿ ಪ್ರದರ್ಶನದ ಅಂಶ ಎಷ್ಟು ಹೆಚ್ಚಾಗಿದೆಯೆಂದರೆ, ಜನ ಸಾಮಾನ್ಯವಾಗಿ ನೈಜ ತನಿಖೆಯೆಂದು ತಿಳಿಯುವುದರ ಎಲ್ಲೆಯನ್ನು ಅದು ದಾಟಿದೆ, ಆದ್ದರಿಂದ ಅದನ್ನು ಮನರಂಜನೆಯೆಂದೇ ಪರಿಗಣಿಸಬೇಕು.

ವಾಹಿನಿ ಗೆದ್ದಿತು, ಆದರೆ ತಾನು ಇಷ್ಟು ದಿನ ಹೇಳಿಕೊಂಡು ಬಂದದ್ದನ್ನು ಅಲ್ಲಗಳೆಯುವ ತೀರ್ಪಿನಿಂದ ಗೆದ್ದಿತು. ಈ ತರ್ಕದಲ್ಲಿ ನನಗೆ ಒಂದು ಊನ ಕಾಣುತ್ತದೆ. ನಾಟಕೀಯತೆ ಹೆಚ್ಚಾದಷ್ಟೂ ಕಾರ್ಯಕ್ರಮ ಸುರಕ್ಷಿತವಾಗುತ್ತದೆ, ಸಂಯಮದಿಂದ ತನಿಖೆ ಮಾಡಹೊರಟವನು ಹೆಚ್ಚು ಕಠಿಣ ನಿಯಮಕ್ಕೆ ಒಳಪಡುತ್ತಾನೆ. ಇಷ್ಟಾಗಿಯೂ ತೆರೆಯ ಮೇಲಿನ ಭಾಷೆ ಮನರಂಜನೆಯದಾಗಿರಲಿಲ್ಲ: ತನಿಖೆ, ಪುರಾವೆ, ಪರಾಮನೋವಿಜ್ಞಾನಿ, ಇತಿಹಾಸಕಾರ, ಮೀಟರು. ಮನರಂಜನೆಯೆಂಬ ಒಂದು ಸಾಲಿನ ಸೂಚನೆಯನ್ನು ಈ ಶಬ್ದಗಳು ಗಂಟೆಗಟ್ಟಲೆ ಅಳಿಸುತ್ತಾ ಹೋಗುತ್ತವೆ. ಕಾರ್ಯಕ್ರಮ 2010ರವರೆಗೆ ಲಿವಿಂಗ್ ವಾಹಿನಿಯಲ್ಲಿ ನಡೆಯಿತು, 2014ರಲ್ಲಿ ರಿಯಲಿ ವಾಹಿನಿಯಲ್ಲಿ ಮತ್ತೆ ಬಂತು. ತೀರ್ಪಿನಿಂದ ಅದರ ಜನಪ್ರಿಯತೆಗೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ.

ಭಾರತದ ನಿಯಮ ಬೇರೆ ದಾರಿ ಹಿಡಿದಿದೆ. 1994ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಮಗಳಲ್ಲಿ ಬರುವ ಕಾರ್ಯಕ್ರಮ ಸಂಹಿತೆ ಮೂಢನಂಬಿಕೆಗೆ ಅಥವಾ ಅಂಧಶ್ರದ್ಧೆಗೆ ಉತ್ತೇಜನ ಕೊಡುವ ಕಾರ್ಯಕ್ರಮವನ್ನು ಪ್ರಸಾರ ಮಾಡಬಾರದು ಎನ್ನುತ್ತದೆ. ಮನರಂಜನೆಯೆಂದು ಹೇಳಿ ತಪ್ಪಿಸಿಕೊಳ್ಳುವ ಬಾಗಿಲು ಆ ವಾಕ್ಯದಲ್ಲಿಲ್ಲ. ಕನ್ನಡ ವಾಹಿನಿಗಳ ಮುಂಜಾನೆಯ ಜ್ಯೋತಿಷ್ಯ ಕಾರ್ಯಕ್ರಮಗಳನ್ನು ಬಲ್ಲವರಿಗೆ ಆ ವಾಕ್ಯ ಕಾಗದದಿಂದ ಎಷ್ಟು ದೂರ ನಡೆದಿದೆಯೆಂದು ನಾನು ವಿವರಿಸಬೇಕಾಗಿಲ್ಲ.

ಅದೇ ವಿಜ್ಞಾನಿ, ಇನ್ನೊಂದು ತನಿಖೆ

ಓಕೀಫ್ ಅವರ ಹೆಸರು 2003ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿ’ಯಲ್ಲಿ ಪ್ರಕಟವಾದ ಒಂದು ಸಂಶೋಧನಾ ಲೇಖನದ ಲೇಖಕರಲ್ಲಿಯೂ ಇದೆ. ಮನೋವಿಜ್ಞಾನಿ ರಿಚರ್ಡ್ ವೈಸ್‌ಮನ್ ಮುಂದಾಳುತನದ ಆ ಅಧ್ಯಯನ ಲಂಡನ್ ಬಳಿಯ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿಯೂ ಎಡಿನ್‌ಬರೋದ ಸೌತ್ ಬ್ರಿಜ್ ಕೆಳಗಿನ ಕಲ್ಲುಕೋಣೆಗಳಲ್ಲಿಯೂ ನಡೆಯಿತು. ಎರಡೂ ದೆವ್ವಕ್ಕೆ ಹೆಸರಾದ ಜಾಗಗಳೇ. ಅಲ್ಲಿ ಮೀಡಿಯಂ ಇರಲಿಲ್ಲ. ಸಾಮಾನ್ಯ ಜನ ಆ ಜಾಗಗಳಲ್ಲಿ ಕಾಲ ಕಳೆದು ತಮಗೆ ಆದ ಅನುಭವವನ್ನೂ ಅದು ಆದ ಸ್ಥಳವನ್ನೂ ಬರೆದರು. ಸಂಶೋಧಕರು ಬೆಳಕು, ಕಾಂತಕ್ಷೇತ್ರ, ಕೋಣೆಯ ಗಾತ್ರ ಇತ್ಯಾದಿಗಳನ್ನು ಅಳೆದರು. ದೆವ್ವದ ಕೋಣೆಯೆಂಬ ಖ್ಯಾತಿ ಇರುವ ಕಡೆಯೇ ಜನರಿಗೆ ವಿಚಿತ್ರ ಅನುಭವಗಳು ಹೆಚ್ಚಾದದ್ದು ಕಂಡಿತು. ಆ ಅನುಭವಗಳಿಗೂ ಪರಿಸರದ ಕೆಲವು ಅಂಶಗಳಿಗೂ ಸಂಬಂಧ ಕಂಡಿತು. ಜನ ಸುಳ್ಳು ಹೇಳುತ್ತಿಲ್ಲ, ಜಾಗ ಅವರನ್ನು ನಿಜಕ್ಕೂ ತಟ್ಟುತ್ತಿದೆ, ತಟ್ಟುತ್ತಿರುವುದು ಪ್ರೇತವೆನ್ನಲು ಮಾತ್ರ ಕಾರಣವಿಲ್ಲ ಎಂಬುದು ಅದರ ಒಟ್ಟು ಧಾಟಿ.

ನಮ್ಮ ಪ್ರಕರಣಕ್ಕೆ ಮುಖ್ಯವಾದದ್ದು ಅಲ್ಲಿನ ಇನ್ನೊಂದು ಕ್ರಮ. ಯಾವ ಮೂಲೆಯಲ್ಲಿ ದೆವ್ವವಿದೆಯೆಂದು ನಿಮಗೆ ಮೊದಲೇ ತಿಳಿದಿತ್ತೇ ಎಂದು ಸಂಶೋಧಕರು ಭಾಗವಹಿಸಿದವರನ್ನು ಕೇಳಿದರು, ಮತ್ತು ಆ ಪೂರ್ವಜ್ಞಾನವನ್ನೂ ಬೆಳಕು, ಕಾಂತಕ್ಷೇತ್ರಗಳ ಹಾಗೆ ಲೆಕ್ಕಕ್ಕೆ ತೆಗೆದುಕೊಂಡರು. ಅದೇ ಓಕೀಫ್ ಟಿವಿ ತಂಡಕ್ಕೆ ಬಂದಾಗ ಅಲ್ಲಿ ಅಳೆಯಲು ಹತ್ತು ಮೀಟರುಗಳಿದ್ದವು, ಪೂರ್ವಜ್ಞಾನವನ್ನು ಅಳೆಯುವುದೊಂದು ಬಿಟ್ಟು. ಸುಳ್ಳು ಹೆಸರಿನ ಗಾಳವೇ ಆ ಕೊರತೆ ತುಂಬಲು ಅವರು ಕಂಡುಕೊಂಡ ಮೀಟರು ಎಂದು ನಾನು ತಿಳಿಯುತ್ತೇನೆ.

ಗುಟ್ಟಿನ ಪರೀಕ್ಷೆ, ಬಹಿರಂಗ ಪರೀಕ್ಷೆ

ಜೊತೆಯಲ್ಲಿ ಕೆಲಸ ಮಾಡುವವನಿಗೆ ಹೀಗೆ ಗುಟ್ಟಾಗಿ ಬಲೆ ಹಾಕುವುದು ಸರಿಯೇ? ಮನುಷ್ಯರ ಮೇಲೆ ನಡೆಯುವ ಯಾವುದೇ ವಿಶ್ವವಿದ್ಯಾಲಯದ ಪ್ರಯೋಗಕ್ಕೆ ಒಪ್ಪಿಗೆ ಬೇಕು. ಮರೆಮಾಚಬೇಕಾದ ಸಂದರ್ಭದಲ್ಲಿ ನೀತಿಸಮಿತಿಯ ಅನುಮತಿಯಾದರೂ ಬೇಕು. ಕರ್ನಾಟಕದ ಓದುಗರಿಗೆ ಇಲ್ಲಿ ಇನ್ನೊಂದು ಮಾದರಿ ನೆನಪಾಗುವುದು ಸಹಜ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸುವ ಸಮಿತಿಯೊಂದನ್ನು ರಚಿಸಿದಾಗ, ಪವಾಡ ಮಾಡುತ್ತಾರೆಂದು ಹೆಸರಾದ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು, ಸಮಿತಿಯ ಎದುರು ಪರೀಕ್ಷೆಗೆ ಒಳಪಡಬೇಕೆಂದು ಕೋರಿದರು. ಎಲ್ಲವೂ ಬಹಿರಂಗ. ಆದರೆ ಬಾಬಾ ಪರೀಕ್ಷೆಗೆ ಒಪ್ಪಲಿಲ್ಲ, ಪರೀಕ್ಷೆ ನಡೆಯಲೇ ಇಲ್ಲ. ನೈತಿಕವಾಗಿ ನಿಷ್ಕಳಂಕವಾದ ಆ ದಾರಿ ಎದುರಿನವನ ಒಪ್ಪಿಗೆಯಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗದು. ಓಕೀಫ್ ದಾರಿ ಫಲ ಕೊಟ್ಟಿತು, ಆದರೆ ಅದರ ವರದಿ ಬಂದದ್ದು ಸಂಶೋಧನಾ ಪತ್ರಿಕೆಯಲ್ಲಲ್ಲ, ಹ್ಯಾಲೋವೀನ್ ವಾರದ ಟ್ಯಾಬ್ಲಾಯ್ಡಿನಲ್ಲಿ. ಗಾಳ ಹಾಕಿದ್ದಕ್ಕಿಂತ ಈ ಎರಡನೆಯದೇ ನನಗೆ ಹೆಚ್ಚು ಆಕ್ಷೇಪಾರ್ಹವೆನಿಸುತ್ತದೆ. ನಿಜವೆಂದು ಹೇಳಿ ತೋರಿಸುತ್ತಿದ್ದ ಕಾರ್ಯಕ್ರಮವೊಂದರ ಒಳಗೆ ಸಾರ್ವಜನಿಕರ ಪರವಾಗಿ ಗುಟ್ಟಾಗಿ ಪರೀಕ್ಷಿಸುವುದಕ್ಕೆ ಸಮರ್ಥನೆಯಿದೆ, ಆದರೆ ಹಾಗೆ ಪರೀಕ್ಷಿಸಿದವನು ವಿವರಗಳನ್ನು ಪೂರ್ತಿಯಾಗಿ ಬರೆದಿಡುವ ಹೊಣೆಯನ್ನೂ ಹೊರಬೇಕಿತ್ತು.

ಇಂಥ ತಂಡವೊಂದು ಪ್ರಾಮಾಣಿಕವಾಗಿ ಕೆಲಸ ಮಾಡಬಯಸಿದರೆ ಹೊಸ ಉಪಕರಣ ಕೊಳ್ಳಬೇಕಾಗಿಲ್ಲ. ಸ್ಥಳವನ್ನು ಆರಿಸುವವರೂ ಅದರ ಇತಿಹಾಸವನ್ನು ಓದುವವರೂ ಮೀಡಿಯಂ ಜೊತೆ ಪ್ರಯಾಣಿಸಬಾರದು, ಊಟಕ್ಕೂ ಜೊತೆ ಕೂರಬಾರದು. ಸ್ಥಳಕ್ಕೆ ಸಂಬಂಧಿಸಿದ ನಿಜವಾದ ಹೆಸರುಗಳ ಜೊತೆಗೆ ಅಷ್ಟೇ ಸಂಖ್ಯೆಯ ಕಲ್ಪಿತ ಹೆಸರುಗಳನ್ನು ಬೆರೆಸಿದ ಪಟ್ಟಿಯನ್ನು ಮೊದಲೇ ಲಕೋಟೆಯಲ್ಲಿ ಮುಚ್ಚಿ, ಮೊಹರು ಹಾಕಿ, ತಂಡಕ್ಕೆ ಸೇರದ ಒಬ್ಬರ ವಶದಲ್ಲಿ ಇಡಬೇಕು. ಮೀಡಿಯಂ ಕಾರಿನಿಂದ ಇಳಿದ ಗಳಿಗೆಯಿಂದ ಕ್ಯಾಮೆರಾ ನಿಲ್ಲಿಸದೆ ನಡೆಯಬೇಕು, ಮೇಕಪ್ಪಿನ ಕೋಣೆಯಲ್ಲಿಯೂ ಸಹ. ಕೊನೆಗೆ ಲಕೋಟೆಯನ್ನು ಕ್ಯಾಮೆರಾದ ಮುಂದೆಯೇ ಒಡೆದು, ಹೊಂದಿದ ಹೆಸರುಗಳನ್ನೂ ಹೊಂದದ ಹೆಸರುಗಳನ್ನೂ ಒಂದೂ ಬಿಡದೆ ವೀಕ್ಷಕರಿಗೆ ಓದಿ ಹೇಳಬೇಕು. ಖರ್ಚು ಒಂದು ಲಕೋಟೆಯದು, ಒಂದು ಹೆಚ್ಚಿನ ಕ್ಯಾಮೆರಾದ್ದು. ಪ್ರಸಾರವಾಗುವ ಕಂತಿನಲ್ಲಿ ಬಹುಪಾಲು ಹೊತ್ತು ಏನೂ ನಡೆಯದಿರುವ ಸಾಧ್ಯತೆಯೇ ಹೆಚ್ಚು, ಮತ್ತು ಅಂಥ ಕಂತನ್ನು ಯಾವ ವಾಹಿನಿ ಕೊಳ್ಳುತ್ತದೆ ಎಂಬುದು ನಿರ್ಮಾಪಕರು ಮೊದಲೇ ಯೋಚಿಸಬೇಕಾದ ವಿಷಯ.